ಹೆಣ್ಣು ಕೇಳಿ ತಂದ ವಾಲ್ವ್

ಮೊದಲೇ ಹೇಳಿಬಿಡುತ್ತೇನೆ: ಭಾನುವಾರದ ಪೇಪರಿಗೆಂದು ಇಲ್ಲಿ ಬರೆದಿರುವುದರಲ್ಲಿ ಒಂದೇ ಒಂದು ಸಾಲು ಸುಳ್ಳಾಗಿದ್ದರೂ ನಾಳೆಯಿಂದ ನನ್ನ ಮೆಕ್ಕೆಜೋಳದ ಕೆಂಕೆ ಉಂಡೆಗೆ ಮೆಣಸಿನ ಚಟ್ನಿ ಸಿಗದಿರಲಿ. ನಮ್ಮ ಬಂದರೂರು ಸೆಕೊಂಡಿಯಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಕೋಳಿಯ ಸಂಗತಿಯೊಂದನ್ನು ಮಾತ್ರ ನಾನು ಕಣ್ಣಾರೆ ಕಂಡಿಲ್ಲ. ಕಂಡವರು ಇಬ್ಬರು, ಅವರಲ್ಲಿ ಒಬ್ಬರು ಕೋಳಿ.

ಬೆಳಗಿನ ಐದೂಕಾಲು. ಹಳೆಯ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಕಡ್ಡಿಪೊರಕೆಗಳ ಸದ್ದು. ಎಕುವಾ ಬೆಂಟ್ಸಿವಾ ಒಂದು ಅಂಗಳದ ಬಾಗಿಲಲ್ಲಿ ನಿಂತಿದ್ದಾರೆ. ವಯಸ್ಸು ಐವತ್ತೆಂಟು, ಕಾಲಲ್ಲಿ ಹವಾಯಿ ಚಪ್ಪಲಿ, ತಲೆಯ ಮೇಲೆ ಹತ್ತಿ ತುಂಬಿದ ಅಲ್ಯೂಮಿನಿಯಂ ಬೋಗುಣಿ. ಆ ಹತ್ತಿಯಲ್ಲಿ ಇವತ್ತು ಏನೂ ಇಲ್ಲ. ಒಳಗೆ ಮುದುಕಿಯೊಬ್ಬರು ಗುಡಿಸುತ್ತಿದ್ದಾರೆ. ಹಿರಿಯರನ್ನು ಇಲ್ಲಿ 'ನಾನಾ' ಎಂದು ಕರೆಯುವುದು ವಾಡಿಕೆ.

"ನಾನಾ, ಎದ್ರಾ? ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಯಜಮಾನ್ರು ಮಕ್ಕಳಿಗೆ ಯಾವುದನ್ನ ಮುಟ್ಟೋಕೆ ಬಿಡ್ತಿರ್ಲಿಲ್ಲ?"

ಮುದುಕಿ ಪೊರಕೆ ನಿಲ್ಲಿಸುತ್ತಾರೆ. "ಯಾವುದನ್ನ ಅಂದ್ರೆ? ನನ್ನನ್ನ ಬಿಟ್ಟು ಎಲ್ಲಾನೂ."

ಎಕುವಾ ಎಂದೂ "ರೇಡಿಯೊ ವಾಲ್ವ್ ಇದೆಯಾ" ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ "ಅಯ್ಯೋ, ಅದನ್ನ ಎಸೆದು ಎಷ್ಟು ಕಾಲ ಆಯ್ತು" ಎಂದು ಬಾಗಿಲು ಹಾಕುತ್ತಾರೆ. ಅಜ್ಜ ಮುಟ್ಟಬೇಡಿ ಅಂದದ್ದು ಯಾವುದು ಅಂತ ಕೇಳಿದರೆ ಇಡೀ ಮನೆ ನೆನಪು ಮಾಡಿಕೊಳ್ಳಲು ಕೂರುತ್ತದೆ. ಅಟ್ಟದ ಮೇಲಿನ ಡಬ್ಬಿ, ಮಂಚದ ಕೆಳಗಿನ ಗಂಟು, ಬೀಗ ಕಿತ್ತ ಪೆಟ್ಟಿಗೆ, ಎಲ್ಲ ಹೊರಗೆ ಬರುತ್ತವೆ. ನಸುಕಿಗೇ ಬರುವುದಕ್ಕೂ ಕಾರಣವಿದೆ. "ಈ ಹೊತ್ತಲ್ಲಿ ಮುದುಕಿಯರು ಮಾತ್ರ ಎದ್ದಿರ್ತಾರೆ. ಇಲ್ಲ ಅನ್ನೋ ವಯಸ್ಸಿನೋರೆಲ್ಲ ಮಲಗಿರ್ತಾರೆ" ಎನ್ನುತ್ತಾರೆ.

ಇಲ್ಲಿ ಅಟ್ಟದಿಂದ ಇಳಿದದ್ದು ಒಂದು ಗಾಜಿನ ಬುರುಡೆ, ಹಳೆಯ ರೇಡಿಯೊ ಒಳಗೆ ಬಲ್ಬಿನ ಹಾಗೆ ಉರಿಯುತ್ತಿದ್ದ ವಾಲ್ವ್. ಎಕುವಾ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಗಾಜಿನ ಒಳಗೆ ಕನ್ನಡಿಯಂಥ ಬೆಳ್ಳಿ ಮಚ್ಚೆ ಇದ್ದರೆ ಜೀವ ಇರಬಹುದು. ಗಾಳಿ ಹೊಕ್ಕರೆ ಮಚ್ಚೆ ಬಿಳಿಚಿಕೊಳ್ಳುತ್ತದೆ. ಇದು ಪೂರಾ ಬಿಳಿ.

"ಹಾಲು ಕುಡಿದುಬಿಟ್ಟಿದೆ, ನಾನಾ. ಹೋಗಿದೆ." ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸುತ್ತಾರೆ, ಹೆಣವನ್ನು ಮನೆಯವರಿಗೆ ಒಪ್ಪಿಸಿದ ಹಾಗೆ.

ದಿನಕ್ಕೆ ಹೀಗೆ ಇಪ್ಪತ್ತು, ಇಪ್ಪತ್ತೆರಡು ಮನೆ. ಕಳೆದ ವರ್ಷ ಸಿಕ್ಕಿದ ವಾಲ್ವುಗಳು ಅರವತ್ತೊಂದು. ಜೀವ ಇದ್ದದ್ದು ಹತ್ತೊಂಬತ್ತು. ಅವುಗಳಿಂದ ಮತ್ತೆ ಮಾತಾಡಿದ ರೇಡಿಯೊ ಹನ್ನೊಂದು. ಓದು ಬರಹ ಬಾರದ ಎಕುವಾ ಈ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದಾರೆ. ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಬಂತು. ವಾಲ್ವಿನ ಮೇಲೆ ಅಚ್ಚಾದ ನಂಬರು ಅವರಿಗೆ ಬೇಕಿಲ್ಲ. ನಡು ಉಬ್ಬಿದ್ದು 'ಬಸುರಿ'. ಹಸಿರು ಬೆಳಕು ಚೆಲ್ಲುವುದು 'ಬೆಕ್ಕು'. ನೆತ್ತಿಯ ಮೇಲೆ ಲೋಹದ ಟೋಪಿ, ಬುಡದ ಸುತ್ತ ಎಂಟು ಹಲ್ಲು ಇರುವುದು 'ಪಾದ್ರಿ'.

ಮೂವತ್ತು ವರ್ಷದ ಹಿಂದೆ ಎಕುವಾ ಬಂದರಿನಲ್ಲಿ ಖಾಲಿ ಬಾಟಲಿ ಕೊಂಡು ಮಾರುತ್ತಿದ್ದವರು. ಒಂದು ದಿನ ಬಾಟಲಿ ಮೂಟೆಯಲ್ಲಿ ವಾಲ್ವ್ ಒಂದು ಬಂತು. ರೈಲ್ವೆ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ ಎಸ್ಸುಮಾನ್ ಅದನ್ನು ನೋಡಿ ಕೈ ನಡುಗಿಸಿಕೊಂಡರು. "ಗಂಡಸು ಬಾಟಲಿ ನೋಡಿ ನಡುಗೋದು ನೋಡಿದ್ದೆ. ಖಾಲಿ ಬಾಟಲಿ ನೋಡಿ ನಡುಗಿದ್ದು ಇವನೊಬ್ಬನೇ. ಇದ್ರಲ್ಲಿ ಏನೋ ಇದೆ ಅನ್ಕೊಂಡೆ" ಎಂದು ಎಕುವಾ ನೆನೆಯುತ್ತಾರೆ. ಎಸ್ಸುಮಾನ್ ಈಗ ನಿವೃತ್ತರು, ಮನೆಯ ಜಗಲಿಯಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುತ್ತಾರೆ. ಊರಲ್ಲಿ ಹೆಸರು ಅವರದ್ದು. ವಾಲ್ವ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಬಂದದ್ದು ಎಲ್ಲೆಲ್ಲಿಂದಲೋ: ಕ್ಷೌರದಂಗಡಿಯ ಕನ್ನಡಿಯ ಪಕ್ಕದಿಂದ, ದೃಷ್ಟಿ ತಾಗದಿರಲೆಂದು ದೋಣಿಯ ಮೂತಿಗೆ ಕಟ್ಟಿದ್ದ ಗಂಟಿನಿಂದ, ಪ್ರಾರ್ಥನೆ ಮಾಡಿ ರೋಗ ವಾಸಿ ಮಾಡುವವನೊಬ್ಬನ ಕೊರಳಿನಿಂದ. ಇನ್ನೊಂದು, ಕಾವು ಕೂತ ಕೋಳಿಯ ಕೆಳಗಿನಿಂದ. ಗೂಡು ಬಿಡದಿರಲಿ ಎಂದು ಮೊಟ್ಟೆಯ ಬದಲು ಇಟ್ಟಿದ್ದರಂತೆ. ಇಪ್ಪತ್ತೊಂದು ದಿನ ಕಾವು ಕೊಟ್ಟ ವಾಲ್ವ್ ಅದು. ಎಸ್ಸುಮಾನ್ ಹಾಕಿದ ತಕ್ಷಣ ರೇಡಿಯೊ ಬಿಸಿಯಾಗಲು ಕಾಯದೆ ಮಾತಾಡಿತು ಎಂದು ಎಕುವಾ ಹೇಳುತ್ತಾರೆ. ನಾನು ಬರೆದುಕೊಂಡೆ.

ಈ ವಾರ ಬೇಕಾಗಿರುವುದು ಪಾದ್ರಿ. ಶನಿವಾರದೊಳಗೆ ಬೇಕು. ಇಲ್ಲದಿದ್ದರೆ ಅರಾಬಾ ಓಟುವಾ ಅವರ ರೇಡಿಯೊ ಬಿಯರ್ ಬೀರು ಆಗುತ್ತದೆ.

ಸಿಗ್ನಲ್‌ಮನ್ ಆಗಿದ್ದ ಕ್ವೆಸಿ ಅಮಿಸ್ಸಾ ತೀರಿಕೊಂಡು ಈ ಶನಿವಾರಕ್ಕೆ ಒಂದು ವರ್ಷ. ನಮ್ಮದು ಅಳಿಯಕಟ್ಟು. ಸತ್ತವನ ಮನೆ, ಕುರ್ಚಿ, ಮಂಚ ಸೋದರಳಿಯನಿಗೆ. ಹೆಂಡತಿ ಅರಾಬಾ ಯಾವುದಕ್ಕೂ ತಕರಾರು ಮಾಡಲಿಲ್ಲ. ನಡುಮನೆಯಲ್ಲಿ ಸೊಂಟದೆತ್ತರ ನಿಂತಿರುವ ಆ ದೊಡ್ಡ ರೇಡಿಯೊ ಒಂದನ್ನು ಬಿಟ್ಟುಕೊಡಿ ಎಂದರು. ನಲವತ್ತಮೂರು ವರ್ಷ ದಂಪತಿ ಜಗಳ ಆದಾಗಲೆಲ್ಲ ಅದರ ಎದುರು ಕೂತು, ಯಾರು ಮೊದಲು ಮಾತಾಡಬೇಕು ಎಂಬ ಪ್ರಶ್ನೆಯನ್ನು ಅದಕ್ಕೇ ಬಿಡುತ್ತಿದ್ದರಂತೆ. ಅಮಿಸ್ಸಾ ಸತ್ತ ಮೂರನೇ ತಿಂಗಳಿಗೆ ಅದೂ ಮಾತು ಬಿಟ್ಟಿತು.

ಅಳಿಯ ಕೋಜೋ ಬೈಡೂ ಬಾರ್ ಇಟ್ಟುಕೊಂಡವನು. "ಅದು ರೇಡಿಯೊ ಎಲ್ಲಿ, ಅತ್ತೆ? ಮಾತಾಡೋಲ್ಲ, ಹಾಡೋಲ್ಲ. ಒಳ್ಳೆ ಮರ. ಒಳಗಿನ ಕಬ್ಬಿಣ ಕಿತ್ತು ಎರಡು ಹಲಗೆ ಹೊಡೆದ್ರೆ ನಲವತ್ತು ಬಾಟಲಿ ಹಿಡಿಸ್ತದೆ" ಎಂದ. ಹಿರಿಯರು ತೀರ್ಪು ಕೊಟ್ಟರು: ವರ್ಷದ ಕಾರ್ಯದ ದಿನ ಎಲ್ಲರೆದುರು ಅದು ಮಾತಾಡಿದರೆ ಗಂಡ ಬಿಟ್ಟುಹೋದ ದನಿ, ಅರಾಬಾಗೆ ಸೇರಿದ್ದು. ಮಾತಾಡದಿದ್ದರೆ ಮರ, ಕೋಜೋಗೆ ಸೇರಿದ್ದು.

ಎಸ್ಸುಮಾನ್ ಬಿಚ್ಚಿ ನೋಡಿದರು. ಮಿಕ್ಕಿದ್ದೆಲ್ಲ ಸರಿಯಿತ್ತು. ಸ್ಪೀಕರಿಗೆ ದನಿ ತಳ್ಳುವ ಪಾದ್ರಿ ಹಾಲು ಕುಡಿದಿದ್ದ.

ಸೋಮವಾರ ಇಪ್ಪತ್ತಾರು ಮನೆ, ಪಾದ್ರಿ ಇಲ್ಲ. ಮಂಗಳವಾರ ಇಪ್ಪತ್ನಾಲ್ಕು, ಇಲ್ಲ. ಸಂಜೆ ಮೀನು ಒಣಗಿಸುವ ಕಡೆ ಹೆಂಗಸೊಬ್ಬಳು, ಶಾಮಾ ಊರಿನ ತನ್ನ ದೊಡ್ಡಜ್ಜಿ ಒಂದು ಗಾಜಿನ ಬುರುಡೆಯನ್ನು ಬಟ್ಟೆ ಸುತ್ತಿ ಇಟ್ಟಿದ್ದಾಳೆ, ಅದಕ್ಕೆ ಟೋಪಿ ಇದೆ ಎನ್ನುತ್ತಾಳೆ.

ಬುಧವಾರ ಬೆಳಿಗ್ಗೆ ಟ್ರೋಟ್ರೋ ಎಂಬ ಬಾಡಿಗೆ ವ್ಯಾನಿನಲ್ಲಿ ಶಾಮಾಕ್ಕೆ ಹೊರಟೆವು. ದಾರಿಯಲ್ಲಿ ಎಕುವಾ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹತ್ತಿ ಬಿಡಿಸುತ್ತ ಕೂತಿದ್ದರು. ನಾನಾ ಎಫುವಾ ನ್ಯಾರ್ಕೋವಾ ಎಂಬತ್ತೊಂದು ವರ್ಷದವರು, ಆ ಹೆಂಗಸು ಹೇಳಿದ ದೊಡ್ಡಜ್ಜಿ. ಬಟ್ಟೆ ಬಿಚ್ಚಿ ತೋರಿಸಿದರು. ಟೋಪಿ, ಎಂಟು ಹಲ್ಲು, ಗಾಜಿನೊಳಗೆ ಮುಖ ಕಾಣುವಷ್ಟು ಬೆಳ್ಳಿ. ಎಕುವಾ ಮುಟ್ಟಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನೋಡಿದರು.

"ಇದಕ್ಕೆ ಏನು ಕೊಡ್ಲಿ, ನಾನಾ?"

"ಏನೂ ಕೊಡಬೇಡ, ಎದ್ದು ಹೋಗು. ಪೆಟ್ಟಿಗೆನ ಗೆದ್ದಲು ತಿಂತು, ಇದೊಂದು ಉಳೀತು. ನಮ್ಮಪ್ಪ ಇದ್ರ ದನಿ ಕೇಳ್ಕೊಂಡೇ ಕಣ್ಣು ಮುಚ್ಚಿದ್ದು. ನಮ್ಮ ಮನೇಲಿ ಹುಟ್ಟಿ ಬೆಳೆದೋರನ್ನ ನಾವು ಮಾರೋಲ್ಲ."

"ಮಾರೋಲ್ಲ, ಸರಿ" ಎಂದರು ಎಕುವಾ. "ಕೊಡ್ತೀರಾ?"

"ಕೊಡೋದು ಅಂದ್ರೆ?"

"ಮನೇಲಿ ಹುಟ್ಟಿ ಬೆಳೆದೋರನ್ನ ಮಾರೋಲ್ಲ, ನಾನಾ. ಕೇಳ್ಕೊಂಡು ಬಂದ್ರೆ ಕೊಡ್ತಾರಲ್ಲ?"

ಅಜ್ಜಿ ಎಕುವಾರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಟ್ಟೆ ಸುತ್ತಿ, ಗಂಟು ಹಾಕಿ, "ಬರಿಗೈಲಿ ಬಂದು ಹೆಣ್ಣು ಕೇಳ್ತಾರಾ? ಗಂಡಿನ ಕಡೆ ಹಿರಿಯರು ಎಲ್ಲಿ? ಬಾಗಿಲು ತಟ್ಟೋ ಬಾಟಲಿ ಎಲ್ಲಿ? ನಾಳೆ ಬಾ" ಎಂದರು.

ನಮ್ಮಲ್ಲಿ ಹೆಣ್ಣು ಕೇಳಲು ಹೋಗುವವರು ಒಳ್ಳೆ ಜಿನ್ ಬಾಟಲಿ ಹಿಡಿದು ಬಾಗಿಲು ತಟ್ಟಬೇಕು, ಗಂಡಿನ ಮನೆತನದ ಹಿರಿಯನೊಬ್ಬ ಜೊತೆಗಿರಬೇಕು. ಇಲ್ಲಿ ಹೆಣ್ಣು ಆ ವಾಲ್ವ್, ಗಂಡು ಅಮಿಸ್ಸಾ ಮನೆಯ ರೇಡಿಯೊ. ಆ ಮನೆತನದ ಹಿರಿಯ ಎಂದರೆ ಈಗ ಕೋಜೋ ಬೈಡೂನೇ. ಸಂಜೆ ಎಕುವಾ ಅವನ ಬಾರಿಗೆ ಹೋದರು. ನಾನು ಹೊರಗೆ ಬೆಂಚಿನ ಮೇಲಿದ್ದೆ.

"ರೇಡಿಯೊಗೆ ಮದುವೆ?" ಕೋಜೋ ನಕ್ಕ ನಗೆಗೆ ಗ್ಲಾಸುಗಳು ಅಲುಗಾಡಿದವು. "ಎಕುವಾ, ನಿಂಗೆ ಬಿಸಿಲು ಹೊಡೆದಿದೆ. ನಾನ್ಯಾಕೆ ಬರ್ಲಿ? ಅದು ಮಾತಾಡಿದ್ರೆ ನಂಗೇ ನಷ್ಟ."

"ಮುದುಕಿ ಕೊಟ್ರೆ ತಾನೇ? ಅವಳು ಕೊಡೋ ಪೈಕಿ ಅಲ್ಲ. ಎಂಟು ವರ್ಷದಿಂದ ಎತ್ತಿಟ್ಟ ಒಂದು ಬಾಟಲಿ ತಗೊಂಡು ಹೋಗ್ತಿದೀನಿ. ಬಾಗಿಲು ತಟ್ಟಿದ ಮೇಲೆ ಬಂದೋರೆಲ್ಲರಿಗೂ ಬಗ್ಗಿಸ್ತಾರೆ."

"ಎಂಟು ವರ್ಷದ್ದಾ?"

"ಮುಚ್ಚಳಾನೇ ತೆಗೆದಿಲ್ಲ."

ಗುರುವಾರ ಕೋಜೋ ಬೆಳಿಗ್ಗೆ ಆರಕ್ಕೇ ವ್ಯಾನ್ ನಿಲ್ದಾಣದಲ್ಲಿದ್ದ. ಮದುವೆಗೆ ಉಡುವ ದೊಡ್ಡ ಬಟ್ಟೆಯನ್ನೇ ಹೊದ್ದು ಬಂದಿದ್ದ.

ಶಾಮಾದ ಅಂಗಳದಲ್ಲಿ ಹೆಣ್ಣಿನ ಕಡೆಯವರು ಒಂಬತ್ತು ಮಂದಿ ಸಾಲಾಗಿ ಕೂತಿದ್ದರು. ನಾವು ನಾಲ್ವರು: ಎಕುವಾ, ಕೋಜೋ, ಮೋಟರ್‌ಸೈಕಲ್ ಬ್ಯಾಟರಿ ಹೊತ್ತ ಎಸ್ಸುಮಾನ್, ಪೆನ್ನು ಹಿಡಿದ ನಾನು. ಮಧ್ಯದ ಸ್ಟೂಲಿನ ಮೇಲೆ ಬಿಳಿ ಬಟ್ಟೆಯಲ್ಲಿ ಪಾದ್ರಿ.

"ಯಾಕೆ ಬಂದ್ರಿ?" ಎಂದರು ನಾನಾ, ಗೊತ್ತೇ ಇಲ್ಲದವರ ಹಾಗೆ.

"ದಾರೀಲಿ ಹೋಗ್ತಿದ್ವಿ, ನಾನಾ. ನಿಮ್ಮ ಮನೇಲಿ ಒಂದು ಹೂವು ಕಾಣಿಸ್ತು" ಎಂದರು ಎಕುವಾ.

"ಹೂವು ಕೀಳೋಕೆ ಬಂದ್ರಾ, ನೋಡೋಕೆ ಬಂದ್ರಾ?"

"ನೀರು ಹಾಕಿ ಸಾಕೋಕೆ ಬಂದಿದೀವಿ."

"ಗಂಡು ಯಾರು? ಕೆಲಸ ಏನು? ಕುಡಿತಾನಾ?"

ಎಕುವಾ ಕೋಜೋನ ಕಡೆ ನೋಡಿದರು. ಹಿರಿಯನ ಪಾಳಿ. ಕೋಜೋ ಬಾಟಲಿಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡ. "ಒಳ್ಳೆ ಮನೆತನದ ಗಂಡು, ನಾನಾ. ತೇಗದ ಮೈ. ನಲವತ್ತು ವರ್ಷ ಒಂದೇ ಮನೇಲಿ ನಿಂತಿದ್ದಾನೆ, ಒಂದಿನ ಹೊರಗೆ ಹೋಗಿಲ್ಲ. ಕುಡಿಯೋದು ಕರೆಂಟ್ ಒಂದೇ."

"ಮಾತು ಬಿಟ್ಟಿದಾನಂತೆ?"

"ಹೆಂಡ್ತಿ ಬಂದ್ರೆ ಆಡ್ತಾನೆ." ಎಲ್ಲರೂ ನಕ್ಕರು. ಕೋಜೋಗೆ ಹುರುಪು ಬಂತು. ಎದ್ದು ನಿಂತು ಎದೆ ಮುಟ್ಟಿಕೊಂಡ: "ಅಮಿಸ್ಸಾ ಮನೆತನದ ಪರವಾಗಿ ನಾನು ಕೋಜೋ ಬೈಡೂ ಹೇಳ್ತಿದೀನಿ. ನಿಮ್ಮ ಹುಡುಗಿ ನಮ್ಮ ಹುಡುಗಿ. ಅವನಿರೋ ತನಕ ಅವಳನ್ನ ಅವನಿಂದ ಯಾರೂ ಬೇರೆ ಮಾಡೋಲ್ಲ." ಮಾತು ಬಹಳ ಚೆನ್ನಾಗಿ ಬಂತು. ಅವನಿಗೇ ಆಶ್ಚರ್ಯವಾದ ಹಾಗಿತ್ತು.

ಇನ್ನು ಹೆಣ್ಣಿನ ಒಪ್ಪಿಗೆ. ಬಾಟಲಿ ತೆಗೆಯಬಹುದೇ ಎಂದು ಹುಡುಗಿಯನ್ನು ಮೂರು ಸಲ ಕೇಳುವುದು ಪದ್ಧತಿ. ಎಸ್ಸುಮಾನ್ ಆರು ವೋಲ್ಟಿನ ಬ್ಯಾಟರಿ ಇಳಿಸಿ, ಎರಡು ತಂತಿ ಎಳೆದು ವಾಲ್ವಿನ ಎರಡು ಹಲ್ಲಿಗೆ ಒತ್ತಿ ಹಿಡಿದರು.

"ಗಂಡಿನ ಕಡೆಯೋರು ತಂದಿರೋ ಬಾಟಲಿ ತಗೊಳ್ಳೋಣವೇನೇ, ಮಗಳೇ?" ನಾನಾ ಕೇಳಿದರು. ವಾಲ್ವ್ ಸುಮ್ಮನಿತ್ತು.

"ನಾಚಿಕೆ" ಎಂದಳು ಪಕ್ಕದ ಹೆಂಗಸು.

"ನಾಚಿಕೆ ಅಲ್ಲ, ತುಕ್ಕು" ಎಂದು ಎಸ್ಸುಮಾನ್ ಹಲ್ಲನ್ನು ಉಗುರಿನಿಂದ ಕೆರೆದರು.

ಎರಡನೇ ಸಲಕ್ಕೆ ಒಳಗಿನ ತಂತಿ ನಸುಗೆಂಪಾಗಿ ಆರಿತು. ಮೂರನೇ ಸಲ ನಾನಾ ತಮ್ಮ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ಗಾಜಿಗೆ ಬಾಯಿ ಹತ್ತಿರ ತಂದು ಕೇಳಿದರು. ಕೆಂಪು ನಿಧಾನವಾಗಿ ಏರಿ, ಕುಲುಮೆಯ ಕಬ್ಬಿಣದ ಬಣ್ಣಕ್ಕೆ ಬಂದು ನಿಂತಿತು. ಆರಲಿಲ್ಲ.

"ಒಪ್ಪಿದಾಳೆ" ಎಂದು ನಾನಾ ಸೆರಗಿನಿಂದ ಮೂಗು ಒರೆಸಿಕೊಂಡರು. ಬಾಟಲಿ ತೆಗೆದರು. ಮೊದಲ ಹನಿ ನೆಲಕ್ಕೆ, ಹಿಂದಿನವರಿಗೆ. ಆಮೇಲೆ ಎಲ್ಲರಿಗೂ. ಕೋಜೋ ಮೂರು ಸಲ ಗ್ಲಾಸು ಒಡ್ಡಿದ. ಎಕುವಾ ವಾಲ್ವನ್ನು ಬೋಗುಣಿಯ ಹತ್ತಿಯಲ್ಲಿಟ್ಟು ತಲೆಗೇರಿಸಿದರು. ವ್ಯಾನು ಕುಲುಕುತ್ತದೆ ಎಂದು ಶಾಮಾದಿಂದ ಸೆಕೊಂಡಿಗೆ ನಡೆದೇ ಬಂದರು. ಅದಕ್ಕೆ ನಾನೇ ಸಾಕ್ಷಿ. ಹಿಂದೆ ಹಿಂದೆ ನಡೆದವನು ನಾನು. ಕೋಜೋ ವ್ಯಾನಿನಲ್ಲಿ ಹಾಡುತ್ತ ಹೋದ.

ಶನಿವಾರ. ಅಮಿಸ್ಸಾ ಮನೆಯ ಅಂಗಳದಲ್ಲಿ ಶಾಮಿಯಾನ, ಕಪ್ಪು ಬಿಳುಪು ಬಟ್ಟೆಯುಟ್ಟ ನೂರೈವತ್ತು ಜನ. ಬೀಗರೆಂದು ನಾನಾ ಎಫುವಾ ಒಂಬತ್ತು ಜನರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ರೇಡಿಯೊವನ್ನು ನಾಲ್ವರು ಹೊತ್ತು ಹೊರಗೆ ತಂದಿಟ್ಟಿದ್ದಾರೆ. ಅರಾಬಾ ಅದರ ಪಕ್ಕದ ಮಣೆಯ ಮೇಲೆ, ಕೈ ತೊಡೆಯ ಮೇಲೆ ಬಿಟ್ಟು ಕೂತಿದ್ದಾರೆ. ಎಸ್ಸುಮಾನ್ ಪಾದ್ರಿಯನ್ನು ಒಳಗೆ ಕೂರಿಸಿ ಗುಂಡಿ ತಿರುಗಿಸುತ್ತಾರೆ.

ಏನೂ ಇಲ್ಲ. ಕೋಜೋ ಕಾಲಮೇಲೆ ಕಾಲು ಹಾಕುತ್ತಾನೆ. ಇಪ್ಪತ್ತು ಎಣಿಸುವಷ್ಟು ಹೊತ್ತು. ಆಮೇಲೆ ಗುಂಯ್ ಎಂಬ ಸದ್ದು, ಕೆಮ್ಮಿದ ಹಾಗೆ ಒಂದು ಗರಗರ, ಅದರ ಹಿಂದೆಯೇ ಮನುಷ್ಯನ ದನಿ. ಯಾವ ದೇಶದ್ದೋ, ಯಾವ ಭಾಷೆಯೋ, ಯಾರಿಗೂ ಒಂದು ಪದವೂ ತಿಳಿಯಲಿಲ್ಲ. ಆದರೆ ಮಾತು. ಅರಾಬಾ ಅದರ ಕಡೆ ತಿರುಗಿ, ಗುಂಡಿಯ ಮೇಲೆ ಕೈಯಿಟ್ಟು, "ಇಷ್ಟು ದಿನ ಬೇಕಿತ್ತಾ ನಿಂಗೆ?" ಎಂದು ಬೈದರು.

ಹಿರಿಯರು ತೀರ್ಪು ಹೇಳಲು ಎದ್ದಾಗ ಕೋಜೋ ಕೈ ಎತ್ತುತ್ತಾನೆ. "ಒಪ್ಕೋತೀನಿ. ಮಾತಾಡಿದ್ರೆ ದನಿ ಅತ್ತೇದು ಅಂದ್ರಿ. ದನಿ ತಗೊಳ್ಲಿ. ಮರ ಅಂತೂ ನಂದೇ ಅಲ್ವಾ? ದನಿ ಬಿಚ್ಕೊಂಡು ಹೋಗಿ, ಪೆಟ್ಟಿಗೆ ನಾನು ತಗೋತೀನಿ."

ಗುಸುಗುಸು. ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಾರ್ ನಡೆಸುವವನು ಮಾತನ್ನೂ ಅಳೆದೇ ಕೊಡುತ್ತಾನೆ. ಅರಾಬಾ ಗುಂಡಿಯ ಮೇಲೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಆಗ ನಾನಾ ಎಫುವಾ ಊರುಗೋಲು ಊರಿ ಎದ್ದು ನಿಂತರು.

"ಏ ಹುಡುಗ. ಗುರುವಾರ ನಮ್ಮ ಅಂಗಳದಲ್ಲಿ ಎದ್ದು ನಿಂತು ಭಾಷಣ ಮಾಡಿದ್ದು ಯಾರು?"

"ಅದು... ಹಾಗೆ ಸುಮ್ನೆ, ನಾನಾ."

"ಸುಮ್ನೆ ಕುಡಿದ್ಯಾ? ಎಷ್ಟು ಗ್ಲಾಸು?"

"ಮೂರು" ಎಂದರು ಶಾಮಾದ ಒಂಬತ್ತೂ ಜನ.

"ಮದುವೆ ಬಾಟಲಿ ಕುಡಿದೋನು ಮದುವೆ ಆಗಿಲ್ಲ ಅನ್ನೋಕಾಗಲ್ಲ. ನಮ್ಮ ಹುಡುಗಿ ಇರೋದು ಆ ಪೆಟ್ಟಿಗೆ ಒಳಗೆ, ಗಂಡನ ಜೊತೆ. ಬೇರೆ ಮಾಡಲ್ಲ ಅಂದೋನು ನೀನು. ಬೇರೆ ಮಾಡ್ಬೇಕು ಅಂದ್ರೆ ಎರಡೂ ಮನೆಯೋರು ಕೂತು ಮಾತಾಡ್ಬೇಕು. ನಾನು ಕೂರಲ್ಲ. ನಾನು ಸತ್ತ ಮೇಲೆ ನನ್ನ ತಂಗಿ ಮಕ್ಕಳು ಕೂರಲ್ಲ. ಇನ್ನು ದನಿ, ಅದು ಅವರಿಬ್ಬರ ಮಗು. ಮಕ್ಕಳು ಯಾರ ಮನೆಗೆ ಸೇರ್ತಾರೆ ಇಲ್ಲಿ? ಅಮ್ಮನ ಮನೆಗೆ. ಆ ಕಟ್ಟಿನ ಮೇಲೇ ತಾನೆ ನಿಂಗೆ ಈ ಮನೆ ಬಂದಿದ್ದು? ಹಾಗಾದ್ರೆ ಆ ದನಿ ನಮ್ಮ ಹುಡುಗೀದು, ಶಾಮಾದ್ದು. ಅದನ್ನ ನಾನು ಅರಾಬಾ ಕೈಲಿ ಬಿಡ್ತಿದೀನಿ, ಸಾಕ್ಕೊಳ್ಳಲಿ ಅಂತ. ಬಿಯರ್ ಇಡೋಕೆ ಜಾಗ ಬೇಕಂದ್ರೆ ನೆಲದ ಮೇಲಿಡು."

ಹಿರಿಯರು ಹೆಚ್ಚು ಯೋಚಿಸಲಿಲ್ಲ. ಅಳಿಯಕಟ್ಟನ್ನು ಅಲ್ಲಗಳೆದರೆ ಕೋಜೋನ ಮನೆಯೇ ಹೋಗುತ್ತದೆ. ಅದು ಅವನಿಗೂ ಹೊಳೆಯಿತು. ನಾಲ್ವರು ರೇಡಿಯೊವನ್ನು ಮತ್ತೆ ಹೊತ್ತು ಅರಾಬಾ ಈಗಿರುವ ಕೋಣೆಗೆ ಒಯ್ದರು. ತಂತಿ ಕಿತ್ತಿದ್ದರಿಂದ ದನಿ ನಿಂತಿತ್ತು. ಅರಾಬಾ ಮಾತ್ರ ದಾರಿಯುದ್ದಕ್ಕೂ ಅದರೊಂದಿಗೆ ಮಾತಾಡುತ್ತ ಹೋದರು.

ಊಟದ ಸರದಿಯಲ್ಲಿ ಎಕುವಾ ಕೊನೆಯಲ್ಲಿ ನಿಂತಿದ್ದಾರೆ. ಜನ ಎಸ್ಸುಮಾನ್‌ರ ಕೈ ಕುಲುಕುತ್ತಿದ್ದಾರೆ. ಕೋಜೋ ಹೀಗೆ ಮಾಡುತ್ತಾನೆ ಎಂದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

"ನಂಗೇನು ಗೊತ್ತು? ಗಂಡಿನ ಕಡೆ ಒಬ್ಬ ಹಿರಿಯ ಬೇಕಿತ್ತು. ಅವನಿಗೆ ಜಿನ್ ಇಷ್ಟ. ಅಷ್ಟೇ." ತಟ್ಟೆಯಲ್ಲಿನ ಮೀನಿನ ಮುಳ್ಳು ತೆಗೆಯುತ್ತ ಕೂತರು.

ಪೇಪರಿನಲ್ಲಿ ನಿಮ್ಮ ಬಗ್ಗೆ ಏನೆಂದು ಬರೆಯಲಿ ಎಂದೆ.

"ರಿಪೇರಿಯೋಳು ಅಂತ ಬರೀಬೇಡ. ರಿಪೇರಿ ಎಸ್ಸುಮಾನ್ ಮಾಡೋದು. ಇದೆ ಅಂತ ಗೊತ್ತಿದ್ರೆ ಯಾರು ಬೇಕಾದ್ರೂ ತರ್ತಾರೆ. ಇಲ್ಲ ಅಂದ ಮೇಲೂ ಹೋಗಿ ಕೇಳೋಳು ನಾನು. ಬರೀಬೇಕು ಅಂದ್ರೆ ಅಷ್ಟು ಬರಿ."

ನನಗೆ ಬಹಳ ಹಿಡಿಸಿತು. "ಎಕುವಕ್ಕಾ, ಅದನ್ನೇ ಮೇಲೆ ದಪ್ಪಕ್ಷರದಲ್ಲಿ ಹಾಕಿಸ್ತೀನಿ. ಕೆಳಗೆ ನಿಮ್ಮ ಫೋಟೊ. ಭಾನುವಾರದ ಪೇಪರು, ಇಲ್ಲಿಂದ ಆಕ್ಸಿಮ್ ಊರಿನ ತನಕ ಓದ್ತಾರೆ. ನೋಡ್ತಾ ಇರಿ, ಇನ್ಮೇಲೆ ನೀವು ಯಾವ ಓಣಿಗೆ ಹೋದ್ರೂ ಜನ ತಾವಾಗೇ ಬಾಗಿಲು ತೆಗೆದು ನಿಮ್ಮನ್ನ..."

ಪಕ್ಕದ ಬೆಂಚಿನಲ್ಲಿ ಯಾರೋ ಮುದುಕ, ತನ್ನ ಮಾವ ಒಂದು ಪೆಟ್ಟಿಗೆಯನ್ನು ಸಾಯುವವರೆಗೂ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ ಎನ್ನುತ್ತಿದ್ದ. ನನ್ನೆದುರಿನ ಬೆಂಚಿನ ಮೇಲೆ ಅರ್ಧ ಮೀನು, ಒಂದು ತಟ್ಟೆ ಮಾತ್ರ ಇದ್ದವು. ಎಕುವಾ ಆಗಲೇ ಬೋಗುಣಿ ಎತ್ತಿಕೊಂಡು ಆ ಮುದುಕನ ಪಕ್ಕ ಹೋಗಿ ಕೂತಿದ್ದರು.